ಒಸಡಿನಿಂದ ಮೆದುಳಿಗೆ ಎಷ್ಟು ಇಂಚು?

ಕೋಟಿನ ಎಡತೋಳಿಗೆ ಕೈಹೊಲಿಗೆ ಹಾಕಿ ಮುಗಿಸಿದ ಟೈಲರಣ್ಣ, ದಾರ ತುಂಡರಿಸಲು ಅದನ್ನು ಹಲ್ಲಿಗೆ ಕೊಟ್ಟ. ಕತ್ತರಿ ಮೊಣಕೈ ಪಕ್ಕದಲ್ಲೇ ಬಾಯಿ ತೆರೆದು ಮಲಗಿತ್ತು. ಆದರೆ ಅವನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಕತ್ತರಿಯ ಕೆಲಸ, ದಾರ ತುಂಡರಿಸುವುದು ಹಲ್ಲಿನ ಕೆಲಸ. ಮೂವತ್ತೊಂದು ವರ್ಷದಿಂದ ಈ ಏರ್ಪಾಟಿನಲ್ಲಿ ಇಬ್ಬರೂ ತಕರಾರು ತೆಗೆದಿರಲಿಲ್ಲ.

ಇವತ್ತು ಹಲ್ಲು ತೆಗೆಯಿತು. ಕಚ್ಚಿ ಎಳೆದರೆ ದಾರ ತುಂಡಾಗಲಿಲ್ಲ; ಕೆಳಸಾಲಿನ ಮುಂದಿನ ಹಲ್ಲೇ ದಾರದ ಹಿಂದೆ ಸ್ವಲ್ಪ ದೂರ ಹೋಗಿ, ನೆಂಟರನ್ನು ಬಸ್ಸು ಹತ್ತಿಸಿ ಬಂದವನ ಹಾಗೆ ನಿಧಾನವಾಗಿ ವಾಪಸು ಬಂತು.

ಕೋಟಿನ ಬಿಳಿ ಲೈನಿಂಗಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಬಿತ್ತು. ಗಾಬರಿಯಿಂದ ಬೆರಳಿಗೆ ಉಗುಳು ಹಚ್ಚಿ ಒರೆಸಿದ. ಉಗುಳು ಬಂದದ್ದೂ ಅದೇ ಬಾಯಿಂದಲೇ ಅಲ್ಲವೇ? ಸಾಸಿವೆ ಹೋಗಿ ಬಟಾಣಿಯಾಯಿತು.

‘ಭೇಷ್,’ ಎಂದು ತನಗೆ ತಾನೇ ಹೇಳಿಕೊಂಡ. ‘ಬೆಂಕಿ ಆರಿಸೋಕೆ ಸೀಮೆಎಣ್ಣೆ ತರೋ ಬುದ್ಧಿವಂತರಲ್ಲಿ ನಮ್ಮದೂ ಒಂದು ಹೆಸರಿರಲಿ.’

ಆ ಬಟಾಣಿಯ ಮೇಲೆ ಸರಿಯಾಗಿ ಒಂದು ಒಳಜೇಬು ಹೊಲಿದು ಮುಚ್ಚಿಬಿಟ್ಟ. ಕೋಟಿನಲ್ಲಿ ಆಗಲೇ ಒಂದು ಒಳಜೇಬಿತ್ತು. ಇರಲಿ, ದೊಡ್ಡವರ ಕೋಟು, ಎರಡಿದ್ದರೆ ಗೌರವ.

ಕೋಟು ಹೆಡ್ಮಾಸ್ತರರದು. ಅವರಿಗೆ ಇವತ್ತು ನಿವೃತ್ತಿ; ಸಂಜೆ ಐದಕ್ಕೆ ಶಾಲೆಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಉಳಿದರ್ಧ ಜನ ತಮ್ಮ ಮಕ್ಕಳ ಕಿವಿಯನ್ನು ಅವರ ಕೈಗೆ ಒಪ್ಪಿಸಿದವರು. ಎಲ್ಲರೂ ಅಲ್ಲಿರುತ್ತಾರೆ, ಎಲ್ಲರ ಕಣ್ಣೂ ಆ ಕೋಟಿನ ಮೇಲಿರುತ್ತದೆ. ಎರಡು ವಾರದ ಹಿಂದೆ ಶಾಲೆಯ ಜವಾನ ಬಟ್ಟೆ ತಂದುಕೊಟ್ಟು, “ಅಳತೆ ನಿಮಗೆ ಗೊತ್ತಲ್ಲ, ಮತ್ತೆ ಬರೋದು ಬೇಡ ತಾನೇ ಅಂತ ಕೇಳಿದ್ರು,” ಅಂದಿದ್ದ.

“ಬೇಡವೇ ಬೇಡ,” ಎಂದಿದ್ದ ಟೈಲರಣ್ಣ. ಮೂರು ವರ್ಷದ ಹಿಂದೆ ಒಮ್ಮೆ ಅವರ ಮೈಗೆ ಟೇಪು ಹಿಡಿದಿದ್ದ. ಅವನಿಗೆ ಅಷ್ಟು ಸಾಕು.

ಟೈಲರಣ್ಣ ಅಳತೆ ಪುಸ್ತಕ ಇಟ್ಟವನೇ ಅಲ್ಲ. ಎದೆ, ಸೊಂಟ, ತೋಳು, ಕುತ್ತಿಗೆ, ಒಮ್ಮೆ ಟೇಪು ಸುತ್ತಿದರೆ ತಲೆಯೊಳಗೆ ಹೋಗಿ ಕೂತಿತು, ಕರೆದಾಗ ಎದ್ದು ಬಂತು. ಎದುರಿಗೆ ರೆಡಿಮೇಡ್ ಅಂಗಡಿ ಗಾಜಿನ ಬಾಗಿಲು, ತಣ್ಣನೆ ಗಾಳಿ, ಕೋಟು ತೊಟ್ಟ ಗೊಂಬೆಗಳ ಸಮೇತ ಬಂದು ಕೂತ ಮೇಲೂ ಅವನ ಅಂಗಡಿ ಮುಚ್ಚದೆ ಉಳಿದದ್ದು ಇದೊಂದರಿಂದಲೇ. ಗೊಂಬೆಗಳಿಗೆ ಯಾರ ಸೊಂಟವೂ ನೆನಪಿರುವುದಿಲ್ಲ. ಟೈಲರಣ್ಣನಿಗೆ ಬೀದಿಯ ಎಲ್ಲರ ಸೊಂಟವೂ ನೆನಪಿತ್ತು. ಆ ನೆನಪು ಹೋಯಿತೋ, ಮಾರನೇ ದಿನ ಅಂಗಡಿಗೆ ಬೀಗ.

ಇಂಥ ನೆನಪಿನ ಮನುಷ್ಯ ಒಬ್ಬಳ ಮುಂದೆ ಮಾತ್ರ ಮರೆವಿನ ಮನುಷ್ಯನಾಗಿದ್ದ. ಅವನ ಗುಂಡಿಯ ಡಬ್ಬಿಯ ತಳದಲ್ಲಿ ಏಳು ತಿಂಗಳಿಂದ ಒಂದು ಕಾಗದ ಮಲಗಿತ್ತು. ಪ್ರತಿದಿನ ಸಂಜೆ ಮನೆಗೆ ಹೋದ ಕೂಡಲೇ ಹೆಂಡತಿ, “ರೀ, ಆ ಕಾಗದ ಹಾಕಿದ್ರಾ?” ಎಂದು ಕೇಳುವಳು. ಪ್ರತಿದಿನವೂ ಅವನು ಹಣೆ ಚಚ್ಚಿಕೊಂಡು, “ಅಯ್ಯೋ, ಮರೆತೇಬಿಟ್ಟೆ ಕಣೇ!” ಅನ್ನುವನು.

ಕಾಗದ ಅವನ ತಂಗಿಗೆ. ತಂಗಿ ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರು. ಹನ್ನೊಂದು ವರ್ಷದ ಹಿಂದೆ ಅವಳು ಡಾಕ್ಟರಾದಾಗ ಅಣ್ಣ ಖುಷಿಯಿಂದ ಒಂದು ಬಿಳಿ ಕೋಟು ಹೊಲಿದು ಕಳಿಸಿದ್ದ. ಅಳತೆ ಕೇಳಲಿಲ್ಲ, ಅವಳು ಹೈಸ್ಕೂಲಿನಲ್ಲಿದ್ದಾಗ ಹಿಡಿದ ಅಳತೆ ನೆನಪಿತ್ತಲ್ಲ! ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಮೊದಲ ದಿನ ಅದನ್ನೇ ತೊಟ್ಟು ಹೋದವಳನ್ನು ನೋಡಿ ಆಸ್ಪತ್ರೆಗೆ ಆಸ್ಪತ್ರೆಯೇ ನಕ್ಕಿತಂತೆ. ಅತ್ತುಕೊಂಡು ಫೋನು ಮಾಡಿದರೆ ಅಣ್ಣ ಹೇಳಿದ್ದು ಇಷ್ಟು: “ಅಳತೆ ಸರಿಯಾಗೇ ಇದೆ. ನಿನ್ನ ಕೈ ಬೆಳೆದದ್ದಕ್ಕೆ ನಾನು ಜವಾಬ್ದಾರನಲ್ಲ.” ಅಲ್ಲಿಂದ ಮಾತು ನಿಂತಿತು.

ಏಳು ತಿಂಗಳ ಹಿಂದೆ, ಅಣ್ಣನ ಒಸಡಿನಲ್ಲಿ ರಕ್ತ ಬರುತ್ತಿದೆ ಎಂದು ಅತ್ತಿಗೆಯಿಂದ ತಿಳಿದು ಅವಳೇ ಬರೆದಳು: ‘ಅಣ್ಣಾ, ತಡಮಾಡದೆ ಬಾ, ನಾನು ನೋಡುತ್ತೇನೆ. ಆದರೆ ಮೊದಲು ಆ ಕೋಟು ಗಿಡ್ಡವಾಗಿತ್ತು ಅಂತ ಬರೆದುಕೊಡು. ಫೋನಿನಲ್ಲಿ ಬೇಡ, ಫೋನಿನಲ್ಲಿ ನೀನು ಕೆಮ್ಮಿ ಮಾತು ಮರೆಸುತ್ತೀ. ಜೀವಮಾನದಲ್ಲಿ ಏನನ್ನೂ ಬರೆದಿಡದವನು ನೀನು. ಇದೊಂದು ಬರೆ.’

ಹೆಂಡತಿ ಎದುರಿಗೆ ಕೂತು ಬರೆಸಿದಳು. ಮೂರೇ ವಾಕ್ಯ: ‘ಕೋಟಿನ ತೋಳು ಗಿಡ್ಡವಾಗಿತ್ತು. ತಪ್ಪು ನನ್ನದು. ಬಾಯಿ ತೋರಿಸಲು ಬರುತ್ತೇನೆ.’ ಮೂರರಲ್ಲಿ ಯಾವುದು ಹೆಚ್ಚು ಕಷ್ಟದ್ದು ಎಂದು ಟೈಲರಣ್ಣ ಇನ್ನೂ ತೀರ್ಮಾನಿಸಿರಲಿಲ್ಲ.

ಒಳಜೇಬಿನ ಹೊಲಿಗೆ ಮುಗಿಯುವ ಹೊತ್ತಿಗೆ ಪಕ್ಕದ ಸಲೂನಿನವನು ಕೈಯಲ್ಲಿ ಪೇಪರು ಹಿಡಿದುಕೊಂಡು ಒಳಗೆ ನುಗ್ಗಿದ. ಬೀದಿಯ ತಲೆಗಳನ್ನೆಲ್ಲಾ ತಾನು ಹೊರಗಿನಿಂದಲೂ ಒಳಗಿನಿಂದಲೂ ಬಲ್ಲೆ ಎಂದು ತಿಳಿದವನು.

“ಟೈಲರಣ್ಣ, ಬಾಯಿ ತೆಗಿ!”

“ಯಾಕಯ್ಯಾ, ನಾಲಿಗೆಗೂ ಕ್ಷೌರ ಮಾಡ್ತೀಯಾ?” ಟೈಲರಣ್ಣ ಗೊಣಗಿದ. ತುಟಿಯ ಎಡಮೂಲೆಯಲ್ಲಿ ಸೂಜಿಗಳಿದ್ದವು. ಕೆಲಸದ ಹೊತ್ತಿನಲ್ಲಿ ಅಲ್ಲಿ ಸದಾ ಏಳು ಗುಂಡುಸೂಜಿ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

“ತಮಾಷೆ ಬೇಡ. ಪೇಪರಲ್ಲಿ ಬಂದಿದೆ. ಒಸಡಲ್ಲಿ ರಕ್ತ ಬರೋರಿಗೆ ಮೆದುಳೇ ಹೋಗತ್ತಂತೆ! ಒಸಡಲ್ಲಿರೋ ಕ್ರಿಮಿ ರಕ್ತಕ್ಕಿಳಿದು, ಸೀದಾ ಮೇಲೆ ಹತ್ತಿ, ನೆನಪು ಇಟ್ಟಿರೋ ಕೋಣೆಗೇ ನುಗ್ಗತ್ತಂತೆ.”

“ಸೀದಾನಾ? ದಾರೀಲಿ ಎಲ್ಲೂ ನಿಲ್ಲಲ್ವಾ?”

“ನಿಲ್ಲೋಕೆ ದೂರ ಎಷ್ಟಿದೆ?”

ಅಳತೆಯ ಪ್ರಶ್ನೆ ಬಂದರೆ ಟೈಲರಣ್ಣನ ಕೈ ಸುಮ್ಮನಿರುವುದಿಲ್ಲ. ಕೊರಳಿನ ಟೇಪು ತೆಗೆದು, ಒಂದು ತುದಿಯನ್ನು ಕೆಳಗಿನ ಒಸಡಿಗೆ ಒತ್ತಿ, ಇನ್ನೊಂದನ್ನು ಹಣೆಯ ಮೇಲಿಟ್ಟು ಕನ್ನಡಿಯಲ್ಲಿ ನೋಡಿದ. ಐದು ಇಂಚು. ಒಂದು ಕಫ್ ಹೊಲಿಯಲೂ ಸಾಲದಷ್ಟು ದೂರ. ಇಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡ ಕ್ರಿಮಿ ಇಷ್ಟು ವರ್ಷ ಮೇಲೆ ಹೋಗದೆ ಇದ್ದುದೇ ಹೆಚ್ಚು ಅನ್ನಿಸಿತು.

“ನನ್ನ ಸೊಂಟ ಎಷ್ಟು ಹೇಳು,” ಅಂದ ಸಲೂನಿನವನು.

“ಮೂವತ್ತೆಂಟು. ಊಟ ಆದ್ಮೇಲೆ ಮೂವತ್ತೊಂಬತ್ತು.”

“ಸರಿ. ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದೆ?”

ಟೈಲರಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಏನೂ ಬರಲಿಲ್ಲ. ಹಾಗೆ ನೋಡಿದರೆ ಅದು ಯಾರಿಗೆ ನೆನಪಿರುತ್ತದೆ? ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ಸೇರಿದವನು ಅವನು; ಆಗಲೇ ಕೈ ಹೆಗಲಿಗೆ ಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಬ್ಯಾಂಕಿನ ಗುಮಾಸ್ತರು ಕಾಣಿಸಿಕೊಂಡರು. ಕೊರಳಿಗೆ ಸಲೂನಿನ ಬಿಳಿ ಬಟ್ಟೆ, ಬಲಗೆನ್ನೆ ನುಣ್ಣಗೆ, ಎಡಗೆನ್ನೆಯ ತುಂಬ ಸೋಪಿನ ನೊರೆ.

“ಅಲ್ಲಪ್ಪಾ, ನನ್ನ ಇನ್ನೊಂದು ಕೆನ್ನೆ...”

“ಒಂದು ನಿಮಿಷ ಸಾರ್,” ಸಲೂನಿನವನು ಕೈ ತೋರಿಸಿದ. “ಇಲ್ಲಿ ಒಬ್ಬರ ಮೆದುಳು ಹೋಗ್ತಾ ಇದೆ.”

ಗುಮಾಸ್ತರಿಗೂ ಅದನ್ನು ನೋಡುವ ಆಸೆ ಹುಟ್ಟಿತು. ಬೆಂಚಿನ ಮೇಲೆ ಕೂತರು.

ಹನ್ನೆರಡಕ್ಕೆ ಸರಿಯಾಗಿ ಹೆಡ್ಮಾಸ್ತರರು ಬಂದರು. ಮೂಗು ಬಾಯಿ ಎರಡಕ್ಕೂ ಕರವಸ್ತ್ರ ಒತ್ತಿಕೊಂಡಿದ್ದರು.

“ನೆಗಡೀನಾ ಸಾರ್?”

“ಹೂಂ,” ಅಂದರು ಕರವಸ್ತ್ರದ ಒಳಗಿನಿಂದ.

ಟೈಲರಣ್ಣ ಕೋಟನ್ನು ಎರಡು ಕೈಯಲ್ಲಿ ಹಿಡಿದು ಹಿಂದಿನಿಂದ ತೊಡಿಸಿದ. ತೊಡಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಭುಜ ಎರಡೂ ಕಡೆ ಜಾರಿ ತೋಳಾಗಿತ್ತು. ಕಾಲರಿನೊಳಗೆ ಕುತ್ತಿಗೆಯ ಜೊತೆಗೆ ಇನ್ನೊಂದು ಕುತ್ತಿಗೆಗೆ ಜಾಗವಿತ್ತು. ಹೆಡ್ಮಾಸ್ತರರು ಕನ್ನಡಿಯತ್ತ ತಿರುಗಿದರು; ಕೋಟು ಸ್ವಲ್ಪ ಯೋಚನೆ ಮಾಡಿ, ಆಮೇಲೆ ತಿರುಗಿತು.

“ಎದೆ ನಲವತ್ತೆರಡು ಅಲ್ವಾ ಸಾರ್ ನಿಮ್ಮದು?” ಟೈಲರಣ್ಣ ಕೇಳಿದ. ಟೇಪು ಸುತ್ತಿದ. ಮೂವತ್ತೆಂಟು. ಮತ್ತೊಮ್ಮೆ ಸುತ್ತಿದ. ಟೇಪು ಹಟಮಾರಿ, ಮೂವತ್ತೆಂಟೇ ಅಂದಿತು.

ಹೆಡ್ಮಾಸ್ತರರು ಏನೋ ಹೇಳಲು ಕರವಸ್ತ್ರ ಅರ್ಧ ಇಳಿಸಿದರು. ಬೆಂಚಿನ ಮೇಲೆ ಕೂತವರನ್ನು ನೋಡಿ ಮತ್ತೆ ಏರಿಸಿದರು. ಗಡಿಯಾರದ ಕಡೆ ಬೆರಳು ತೋರಿಸಿ, ನಾಲ್ಕೂವರೆ ಅನ್ನುವ ಹಾಗೆ ಕೈಸನ್ನೆ ಮಾಡಿ, ಕೋಟು ಕಳಚಿಟ್ಟು ಹೊರಟೇಹೋದರು.

“ಬೇಜಾರು ಮಾಡ್ಕೊಂಡ್ರು,” ಅಂದರು ಗುಮಾಸ್ತರು. “ಒಂದು ಮಾತೂ ಆಡ್ಲಿಲ್ಲ.”

“ಹತ್ತಿತು!” ಸಲೂನಿನವನು ತೊಡೆ ತಟ್ಟಿದ. “ಮೆದುಳಿಗೆ ಹತ್ತೇಬಿಡ್ತು! ಬೆಳಿಗ್ಗೆ ಹೇಳಿದೆ, ಮಧ್ಯಾಹ್ನಕ್ಕೆ ಹತ್ತಿತು.”

ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜೋರು. ಕಾಲು ಗಂಟೆಯಲ್ಲಿ ಅಂಗಡಿ ತುಂಬಿತು. ಬಟ್ಟೆ ಕೊಟ್ಟವರು, ಕೊಡಬೇಕೆಂದಿದ್ದವರು, ಯಾವತ್ತೂ ಕೊಡದವರು. ಎದುರಿನ ರೆಡಿಮೇಡ್ ಅಂಗಡಿಯವನು ಗಾಜಿನ ಹಿಂದೆ ನಿಂತು ತನ್ನ ಗೊಂಬೆಗಳಿಗಿಂತ ಚೆನ್ನಾಗಿ ನಗುತ್ತಿದ್ದ.

“ನಂದು ಎರಡು ಪ್ಯಾಂಟಿನ ಬಟ್ಟೆ ನಿಮ್ಮ ಹತ್ರ ಇದೆ,” ಅಂದರು ಗುಮಾಸ್ತರು. ಎಡಗೆನ್ನೆಯ ನೊರೆ ಒಣಗಿ ಹಪ್ಪಳವಾಗಿತ್ತು. “ನನ್ನ ಅಳತೆ ಹೇಳಿಬಿಡಿ, ಸಮಾಧಾನ ಆಗಲಿ.”

ಹೇಳುವುದೇನು ಮಹಾ! ಮೂವತ್ತನಾಲ್ಕು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಪ್ಪತ್ತು ಜನ ಉಸಿರು ಬಿಗಿಹಿಡಿದು ತನ್ನ ಬಾಯಿಯನ್ನೇ ನೋಡುತ್ತಿರುವಾಗ ನಾಲಿಗೆಗೆ ತುದಿ ಯಾವುದು, ಬುಡ ಯಾವುದು ತಿಳಿಯಲಿಲ್ಲ. “ಮೂವತ್ತೆಂಟು,” ಅಂದುಬಿಟ್ಟ. “ಊಟ ಆದ್ಮೇಲೆ ಮೂವತ್ತೊಂಬತ್ತು.”

“ಅದು ನಂದು!” ಕೂಗಿದ ಸಲೂನಿನವನು.

ಗುಂಪು ‘ಅಯ್ಯೋ ಪಾಪ’ ಎಂದಿತು. ಟೈಲರಣ್ಣನಿಗೆ ಸಿಟ್ಟು ಬಂತು. ಅಂಗಡಿ ಬಿಟ್ಟು ಹೊರಡಿ ಎಲ್ಲರೂ ಅಂತ ಹೇಳಲು ಹಲ್ಲು ಕಡಿದ. ಆ ಸಡಿಲ ಹಲ್ಲಿನಿಂದ ನೋವು ಮಿಂಚಿನ ಹಾಗೆ ಕಿವಿವರೆಗೆ ಹೋಗಿ ಬಂತು. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ಮಾಡಿದವನಿಗೂ ಒಸಡಿನ ಕಾಯಿಲೆ ಇದ್ದಿರಬೇಕು.

ಮೂಲೆಯ ಔಷಧಿ ಅಂಗಡಿಯಾಕೆ ಒಂದು ಲೋಟ ಬಿಸಿ ಉಪ್ಪುನೀರು ಹಿಡಿದು ಬಂದರು. ಅವರು ಸಲೂನಿನವನ ಕೈಯಿಂದ ಪೇಪರು ಕಿತ್ತುಕೊಂಡು, ಕನ್ನಡಕ ಏರಿಸಿ, ಪೂರ್ತಿ ಓದಿದರು. ಇಡೀ ಬೀದಿಯಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

“ಏನು ನೀವು, ಹೀಗೆ ಹೆದರಿಸೋದಾ? ಒಸಡಿನ ಕಾಯಿಲೆ ಬಹಳ ದಿನ ಇರೋರಲ್ಲಿ ಮರೆವು ಸ್ವಲ್ಪ ಹೆಚ್ಚಾಗಿ ಕಾಣತ್ತೆ ಅಂತಷ್ಟೇ ಇದೆ ಇಲ್ಲಿ. ಅದರಿಂದಲೇ ಇದು ಬಂತು ಅಂತ ಯಾರೂ ಹೇಳಿಲ್ಲ, ಇನ್ನೂ ಹುಡುಕ್ತಾ ಇದಾರೆ. ಮರೆವು ಇರೋರು ಹಲ್ಲುಜ್ಜೋದನ್ನೂ ಮರೀಬಹುದಲ್ಲಾ? ಬಾಯಿ ಚೆನ್ನಾಗಿ ನೋಡ್ಕೊಳ್ಳಿ, ತಲೆಗೂ ಒಳ್ಳೇದಾಗಬಹುದು ಅಂತ ಇದೆ. ಒಂದೇ ದಿನಕ್ಕೆ ಯಾರ ಮೆದುಳೂ ಹೋಗಲ್ಲ.”

ಇಷ್ಟು ಒಳ್ಳೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅದರಲ್ಲಿ ರುಚಿ ಸಾಲದು.

“ತಗೊಳ್ಳಿ, ಬಾಯಿ ಮುಕ್ಕಳಿಸಿ,” ಅಂದರು ಅವರು. ಟೈಲರಣ್ಣ ತುಟಿಯ ಮೂಲೆಯ ಸೂಜಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು, ಎರಡು, ಮೂರು... ಆರು.

ಮತ್ತೆ ಎಣಿಸಿದ. ಆರು.

“ಏಳನೇದು?” ಔಷಧಿ ಅಂಗಡಿಯಾಕೆಯ ಮುಖ ಬಿಳಿಚಿತು. “ನುಂಗಿದ್ರಾ?”

ಆಗ ಟೈಲರಣ್ಣ ಆಡಬಾರದ ಮಾತನ್ನು ಆಡಿಬಿಟ್ಟ. “ನೆನಪಿಲ್ಲ,” ಅಂದ.

ಆ ಒಂದು ಮಾತಿಗೆ ಅಂಗಡಿ ಸಂತೆಯಾಯಿತು. ಬಾಳೆಹಣ್ಣು ತಿನ್ನಿಸಿ ಅಂದರು ಒಬ್ಬರು. ತಲೆಕೆಳಗು ಹಿಡಿಯಿರಿ ಅಂದರು ಇನ್ನೊಬ್ಬರು. ಹಿಡಿಯುವವರು ಯಾರು ಎಂಬ ಚರ್ಚೆ ಶುರುವಾಯಿತು. ಸ್ನೇಹಿತನ ಅವಸ್ಥೆ ಕಂಡು ಸಲೂನಿನವನು ಹೊಲಿಗೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ದೊಪ್ಪನೆ ಕೂತ. ಕೂತಷ್ಟೇ ವೇಗದಲ್ಲಿ, “ಅಯ್ಯಯ್ಯಪ್ಪೋ!” ಎಂದು ಛಾವಣಿಯ ಕಡೆ ಎದ್ದ.

ಏಳನೆಯದು ಸಿಕ್ಕಿತು.

“ನೋಡಿ!” ಹಿಂಭಾಗ ಉಜ್ಜಿಕೊಳ್ಳುತ್ತ ಅವನು ಊರಿಗೆ ಸಾರಿದ. “ಸೂಜಿ ಎಲ್ಲಿಟ್ಟೆ ಅನ್ನೋದೂ ನೆನಪಿಲ್ಲ ಇವನಿಗೆ!”

ಟೈಲರಣ್ಣ ಉಪ್ಪುನೀರನ್ನು ಬಾಯಿಗೆ ತುಂಬಿಕೊಂಡ. ಅದೇ ಹೊತ್ತಿಗೆ ಊಟದ ಡಬ್ಬಿ ಹಿಡಿದುಕೊಂಡು ಹೆಂಡತಿ ಬಂದಳು. ಜನ ನೋಡಿ ಬೆದರಿ, “ಏನಾಯ್ತು ಇವರಿಗೆ?” ಎಂದಳು. ಹೇಳಲು ಇಪ್ಪತ್ತು ಬಾಯಿ ಇದ್ದವು; ಇಪ್ಪತ್ತೂ ಒಟ್ಟಿಗೆ ಹೇಳಿದವು. ಅವಳು ಡಬ್ಬಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾನೇ ಪಾಪಿ. ನನಗೆ ಮೊದಲೇ ಗೊತ್ತಾಗಬೇಕಿತ್ತು. ಏಳು ತಿಂಗಳಿಂದ ನೋಡ್ತಾ ಇದೀನಿ. ತಂಗಿಗೆ ಬರೆದ ಕಾಗದ, ಮೂರು ಸಾಲಿನ ಕಾಗದ, ದಿನಾ ಹೇಳ್ತೀನಿ, ದಿನಾ ಮರೀತಾರೆ. ಅಂಚೆ ಡಬ್ಬ ಇರೋದು ದಾರೀಲೇ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರ್ತಿರ್ಲಿಲ್ಲ. ಕೆಲಸದ ಒತ್ತಡ ಅಂದ್ಕೊಂಡೆ. ಬೈದೆ ಕೂಡ. ಕಾಯಿಲೆ ಮನುಷ್ಯನ್ನ ಬೈದುಬಿಟ್ಟೆನಲ್ಲಪ್ಪಾ!”

“ಏಳು ತಿಂ-ಗ-ಳು!” ಗುಂಪು ಉದ್ಗರಿಸಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಟೈಲರಣ್ಣನ ಕೆನ್ನೆ ಉಬ್ಬಿಕೊಂಡೇ ಇತ್ತು. ಹೆಂಡತಿಯ ಆ ಮಾತಿಗೆ ಒಂದು ಉತ್ತರ ಅವನ ಬಾಯಲ್ಲಿತ್ತು. ಉಪ್ಪುನೀರೂ ಇತ್ತು. ಎರಡರಲ್ಲಿ ಒಂದನ್ನು ಉಗುಳಬಹುದಿತ್ತು. ಏನೋ ಯೋಚಿಸಿ, ಎರಡನ್ನೂ ನುಂಗಿಬಿಟ್ಟ.

ಜನ ಚದುರಿದರು, ಬರಿಗೈಯಲ್ಲಿ ಚದುರಲಿಲ್ಲ. ಗುಮಾಸ್ತರು ತಮ್ಮ ಪ್ಯಾಂಟಿನ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡರು. ಇನ್ನು ನಾಲ್ವರು ತಮ್ಮ ತಮ್ಮ ಗಂಟು ಹುಡುಕಿಕೊಂಡರು. “ಬೇಜಾರು ಮಾಡ್ಕೋಬೇಡಿ, ವಾಸಿ ಆದ್ಮೇಲೆ ತಂದ್ಕೊಡ್ತೀವಿ,” ಅಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಐವರಲ್ಲಿ ಇಬ್ಬರು ಹಾಗೇ ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದ್ದನ್ನು ಟೈಲರಣ್ಣ ನೋಡಿದ.

ಹೆಂಡತಿ ಔಷಧಿ ಅಂಗಡಿಯಾಕೆಯಿಂದ ಒಂದು ನೋಟ್‌ಬುಕ್ಕು ಕೇಳಿ ತಂದು ಮೇಜಿನ ಮೇಲಿಟ್ಟಳು. “ಇನ್ಮೇಲೆ ಬರೆದಿಡಿ. ನಾಚಿಕೆ ಪಡಬೇಡಿ, ಕಾಯಿಲೆಗೆ ಯಾರು ಏನು ಮಾಡೋಕಾಗತ್ತೆ,” ಅಂದಳು. ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ಮದುವೆಯಾದ ವರ್ಷ ಇರಬೇಕು. ಬೈಗುಳವಾದರೂ ಸಹಿಸಬಹುದಿತ್ತು.

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಟೈಲರಣ್ಣ ಒಂದು ಅಳತೆಯನ್ನು ಬರೆದ: ‘ಹೆಡ್ಮಾಸ್ತರರು. ಎದೆ 38.’ ಬರೆದು, ಅದನ್ನು ನೋಡಿಕೊಂಡು ಕೋಟಿನ ಹೊಲಿಗೆ ಬಿಚ್ಚಿದ. ಬಟ್ಟೆ ಕತ್ತರಿಸಿ ಎಸೆಯಲಿಲ್ಲ. ಹೆಚ್ಚಾದುದನ್ನೆಲ್ಲಾ ಒಳಗೇ ಮಡಚಿ ಹೊಲಿದ. ದಾರವನ್ನು ಕತ್ತರಿಯಿಂದ ಕತ್ತರಿಸಿದ. ಕತ್ತರಿಗೇ ಆಶ್ಚರ್ಯವಾಗಿರಬೇಕು.

ಮೂರೂವರೆಯ ಹೊತ್ತಿಗೆ, ಕೋಟಿಗೆ ಗುಂಡಿ ಬೇಕಾಗಿ ಡಬ್ಬಿಗೆ ಕೈ ಹಾಕಿದರೆ ಕಾಗದ ಸಿಕ್ಕಿತು. ಲಕೋಟೆಯಿಂದ ತೆಗೆದು ಓದಿದ. ಮೂರು ವಾಕ್ಯ ಹಾಗೇ ಇದ್ದವು. ನಗಲು ನೋಡಿದ, ಆಗಲಿಲ್ಲ. ಈ ಸಲೂನಿನವನ ಮಾತಿನಲ್ಲಿ ಕಾಲುಭಾಗ ನಿಜವಾದರೂ ಏನು ಗತಿ? ಒಂದು ದಿನ ಎದ್ದಾಗ ತಂಗಿಯ ತೋಳಿನ ಅಳತೆ ಹೋಗಿರಬಹುದು. ಅದು ಹೋಗಲಿ. ಕೋಟು ಗಿಡ್ಡವಾಗಿತ್ತು, ಅವಳು ಅತ್ತಿದ್ದಳು, ತಾನು ಹೇಳಬೇಕಾದ ಒಂದು ಮಾತು ಬಾಕಿ ಇದೆ ಎಂಬುದೇ ಹೋಗಿಬಿಟ್ಟರೆ? ಅವಳು ಮಾತ್ರ ನೆನಪಿಟ್ಟುಕೊಂಡು ಕಾಯುತ್ತಲೇ ಇರುತ್ತಾಳೆ.

ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಇವತ್ತು ಹಾಕಿಯೇಬಿಡುತ್ತೇನೆ ಎಂದುಕೊಂಡ. ಆಮೇಲೆ ಸಡಿಲ ಹಲ್ಲಿನ ಮೇಲೆ ನಾಲಿಗೆ ಆಡಿಸಿ, ತಂಗಿಯ ಕೈಯ ಇಕ್ಕಳ ಕಣ್ಣಮುಂದೆ ಬಂದು, ನಾಳೆ ಬೆಳಿಗ್ಗೆ ಖಂಡಿತ ಎಂದುಕೊಂಡ.

ನಾಲ್ಕೂವರೆಗೆ ಹೆಡ್ಮಾಸ್ತರರು ಬಂದರು. ಅವರ ಹಿಂದೆಯೇ ಸಲೂನಿನವನು, ಗುಮಾಸ್ತರು, ಗಂಟು ಒಯ್ದಿದ್ದ ನಾಲ್ವರು, ಔಷಧಿ ಅಂಗಡಿಯಾಕೆ, ಹೆಂಡತಿ. ಬಿಚ್ಚಿ ಹೊಲಿದ ಕೋಟು ಏನಾಯಿತು ನೋಡದಿದ್ದರೆ ಯಾರಿಗೂ ಜೀವ ನಿಲ್ಲುವಂತಿರಲಿಲ್ಲ. ಈ ಸಲ ಕರವಸ್ತ್ರ ಇರಲಿಲ್ಲ. ನಗು ಮೊದಲು ಒಳಗೆ ಬಂತು, ಹೆಡ್ಮಾಸ್ತರರು ಆಮೇಲೆ ಬಂದರು. ಕಿವಿಯಿಂದ ಕಿವಿವರೆಗೆ ಬಿಳಿಯ, ಒಂದೇ ಎತ್ತರದ, ಸಾಲಿನಲ್ಲಿ ನಿಂತ ಶಾಲಾಮಕ್ಕಳಂಥ ಹಲ್ಲುಗಳು.

ಕೋಟು ತೊಟ್ಟರು. ಮೈಗೆ ಅಂಟಿದ ಹಾಗೆ ಕೂತಿತು. ಆಗ ಅವರು ಎಲ್ಲರ ಕಡೆ ತಿರುಗಿದರು. ಕೋಟೂ ಅವರ ಜೊತೆಗೇ ತಿರುಗಿತು.

“ಬೀದೀಲೆಲ್ಲಾ ಏನೋ ಮಾತು ಕೇಳ್ದೆ. ಟಕ್.” ಪ್ರತಿ ಮಾತಿನ ಕೊನೆಗೂ ಹೊಸ ಹಲ್ಲಿನ ಸೆಟ್ಟು ಪೂರ್ಣವಿರಾಮ ಹಾಕುತ್ತಿತ್ತು. “ಟೈಲರಪ್ಪನ ತಲೆ ಹೋಗಿದೆ ಅಂತ. ಅವನ ತಲೆಗೆ ಏನೂ ಆಗಿಲ್ಲ. ಟಕ್. ಹೋಗಿದ್ದು ನನ್ನ ಹಲ್ಲು.”

“ಸಾರ್?”

“ಪ್ರತಿ ಸೋಮವಾರ ನಿಮ್ಮೆಲ್ಲರ ಹಲ್ಲು ನೋಡ್ತಿದ್ದೆ, ನೆನಪಿದೆಯಾ? ಉಜ್ಜದೇ ಬಂದೋರಿಗೆ ಕಿವಿ ಹಿಂಡ್ತಿದ್ದೆ. ನನ್ನ ಹಲ್ಲು ನೋಡೋರು ಯಾರಿದ್ರು? ಒಸಡಲ್ಲಿ ರಕ್ತ ಬಂತು, ನಾಳೆ ತೋರಿಸೋಣ ಅಂದೆ. ಹಲ್ಲು ಅಲ್ಲಾಡ್ತು, ನಾಳೆ ಅಂದೆ. ಹನ್ನೆರಡು ವರ್ಷ ನಾಳೆ ನಾಳೆ ಅಂತಾನೇ ಕಳೆದೆ. ಟಕ್. ಮೂರು ತಿಂಗಳ ಹಿಂದೆ ಉಳಿದದ್ದನ್ನೆಲ್ಲಾ ಕಿತ್ತುಹಾಕಿದ್ರು. ಈ ಸೆಟ್ಟು ಬಂದಿದ್ದು ಇವತ್ತು ಮಧ್ಯಾಹ್ನ. ಅಲ್ಲೀವರೆಗೂ ಬರೀ ಹಾಲು, ಸೂಪು. ಮೈ ಅನ್ನೋದು ಹನ್ನೊಂದು ಕಿಲೋ ಇಳಿದುಹೋಯ್ತು. ಬಾಯಿ ಬಿಟ್ರೆ ಬಣ್ಣಗೇಡು ಅಂತ ಕರವಸ್ತ್ರ ಮುಚ್ಚಿಕೊಂಡೆ, ಅಳತೆಗೂ ಬರಲಿಲ್ಲ. ನನ್ನ ನಾಚಿಕೆಗೆ ಇವನ ಅಂಗಡಿ ಮುಳುಗೋದು ಬೇಡ.” ಅವರು ಟೈಲರಣ್ಣನ ಹೆಗಲ ಮೇಲೆ ಕೈ ಇಟ್ಟರು. “ನಲವತ್ತೆರಡು ಅಂದ್ಯಲ್ಲ, ಅದು ನೂರಕ್ಕೆ ನೂರು ಸರಿ. ನಿನ್ನ ನೆನಪಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಟಕ್.”

ಆಮೇಲೆ ಚಪ್ಪಾಳೆ. ಗುಮಾಸ್ತರು ಪ್ಯಾಂಟಿನ ಬಟ್ಟೆಯನ್ನು, ಉಳಿದ ನಾಲ್ವರು ತಮ್ಮ ಗಂಟುಗಳನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸು ಇಟ್ಟರು. “ನನಗೆ ಆಗಲೇ ಗೊತ್ತಿತ್ತು, ಟೈಲರಣ್ಣನ ತಲೆ ಅಂದ್ರೆ ತಲೆ,” ಅಂದ ಸಲೂನಿನವನು.

ಟೈಲರಣ್ಣ ಎತ್ತರವಾದ. ಎದೆ ಎರಡು ಇಂಚು ಹೆಚ್ಚಾಯಿತು. ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಬದಿಗೆ ತಳ್ಳಿ, ಎದುರಿನ ಗಾಜಿನ ಬಾಗಿಲಿಗೂ ಕೇಳಿಸುವ ಹಾಗೆ ಕೂಗಿ ಹೇಳಿದ: “ನೋಡಿದ್ರಾ? ನನ್ನ ಅಳತೆ ಸರಿಯಾಗೇ ಇತ್ತು! ಅವರ ಮೈ ಇಳಿದದ್ದಕ್ಕೆ ನಾನು ಜವಾಬ್ದಾರನ...”

ಮಾತು ಅರ್ಧಕ್ಕೇ ನಿಂತಿತು. ಈ ಮಾತನ್ನು ಅವನು ಹಿಂದೆ ಎಲ್ಲೋ ಕೇಳಿದ್ದ. ತನ್ನದೇ ಬಾಯಲ್ಲಿ ಕೇಳಿದ್ದ. ಆ ಸಲ ಫೋನಿನ ಆ ಕಡೆ ಒಬ್ಬಳು ಅಳುತ್ತಿದ್ದಳು. ಹೆಡ್ಮಾಸ್ತರರಿಗೆ ಒಂದು ಟೇಪು ಹಿಡಿಯಲು ಐದು ನಿಮಿಷ ಸಾಕಿತ್ತು. ತಂಗಿಗೂ ಸಾಕಿತ್ತು.

“ಹಾಗಾದ್ರೆ,” ಹೆಂಡತಿ ಮುಂದೆ ಬಂದಳು. ಕಣ್ಣಲ್ಲಿ ಮಧ್ಯಾಹ್ನದ ನೀರು ಇನ್ನೂ ಆರಿರಲಿಲ್ಲ, ಮುಖದಲ್ಲಿ ಆನಂದ. “ನಿಮಗೆ ಮರೆವಿನ ಕಾಯಿಲೆ ಇಲ್ಲ!”

“ಇಲ್ವೇ ಇಲ್ಲ ಕಣೇ!”

“ಒಂದು ಚೂರೂ?”

“ಎಳ್ಳಷ್ಟೂ ಇಲ್ಲ ಅಂತ ಮೇಷ್ಟ್ರೇ ಹೇಳಿದ್ರಲ್ಲ! ನಾನು ಯಾವತ್ತು ಏನು ಮರೆತಿದೀನಿ?”

ಹೆಂಡತಿಯ ಮುಖದ ಆನಂದ ಅಲ್ಲೇ ನಿಂತಿತು. ನಿಧಾನವಾಗಿ ಬೇರೆ ಬಣ್ಣಕ್ಕೆ ತಿರುಗಿತು. “ಹಾಗಾದ್ರೆ,” ಎಂದಳು ಮತ್ತೆ, ಒಂದೊಂದೇ ಅಕ್ಷರ ಎಣಿಸಿದ ಹಾಗೆ, “ಆ ಕಾಗದ?”

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಏಳೂ ಸೂಜಿ ಮೇಜಿನ ಮೇಲಿದ್ದವು, ಒಂದೂ ಬೀಳಲಿಲ್ಲ.

“ಏಳು ತಿಂಗಳು,” ಅಂದಳು. “ದಿನಾ ಹಣೆ ಚಚ್ಚಿಕೊಂಡು. ನಾನು ಇವತ್ತು ಊರೆಲ್ಲರ ಮುಂದೆ ಅತ್ತೆ.”

“ಅದು... ಅದೊಂದು ವಿಷಯದಲ್ಲಿ ಮಾತ್ರ...” ಟೈಲರಣ್ಣ ಕಿವಿಯ ಮೇಲೆ ಬೆರಳಿಟ್ಟು ತೋರಿಸಿದ. “ಇಲ್ಲೊಂದು ಸ್ವಲ್ಪ... ಕ್ರಿಮಿ...”

“ಸ್ವಲ್ಪ ಹೋಗಿದೆಯಾ ಹಾಗಾದ್ರೆ?” ಗುಮಾಸ್ತರ ಕೈ ತಟ್ಟನೆ ಪ್ಯಾಂಟಿನ ಬಟ್ಟೆಯ ಮೇಲೆ ಬಂತು. ಉಳಿದ ನಾಲ್ವರೂ ಒಂದು ಹೆಜ್ಜೆ ಮುಂದೆ ಬಂದರು. ರಸ್ತೆಯಾಚೆ ಗಾಜಿನ ಬಾಗಿಲು ತುಸು ತೆರೆಯಿತು.

ಟೈಲರಣ್ಣ ನಡುವೆ ನಿಂತ. ಮರೆತೆ ಅಂದರೆ ಅಂಗಡಿ ಹೋಗುತ್ತದೆ. ನೆನಪಿತ್ತು ಅಂದರೆ ಹಲ್ಲು ಹೋಗುತ್ತದೆ. ಜೀವಮಾನದಲ್ಲಿ ಇಷ್ಟು ಬಿಗಿಯಾದ ಬಟ್ಟೆಯನ್ನು ಅವನು ಯಾರಿಗೂ ಹೊಲಿದಿರಲಿಲ್ಲ. ತನಗೆ ತಾನೇ ಹೊಲಿದುಕೊಂಡಿದ್ದ, ಅದೂ ಅಳತೆ ಹಿಡಿಯದೆ. ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಅಂಗಡಿ ಇರುವುದು ಒಂದೇ. ಹಲ್ಲು ಇನ್ನೂ ಇಪ್ಪತ್ತೇಳಿವೆ.

“ನೆನಪಿತ್ತು,” ಅಂದ. “ದಿನಾ ನೆನಪಿತ್ತು. ಹೆದರಿಕೆ ಕಣೇ.”

“ಇಕ್ಕಳಕ್ಕಾ?”

“ಅದಕ್ಕೂ,” ಅಂದ ಟೈಲರಣ್ಣ.

ಹೆಂಡತಿ ಗಡಿಯಾರ ನೋಡಿದಳು. ಐದಕ್ಕೆ ಹತ್ತು ನಿಮಿಷವಿತ್ತು. “ನಡೀರಿ,” ಅಂದಳು.

ಶಾಲೆಯ ಗೇಟಿನ ಪಕ್ಕದಲ್ಲೇ ಅಂಚೆ ಡಬ್ಬ. ಬೀಳ್ಕೊಡುಗೆಗೆ ಹೊರಟ ಮೆರವಣಿಗೆ ಅದರ ಮುಂದೆ ನಿಂತಿತು. ಮುಂದೆ ಹೆಡ್ಮಾಸ್ತರರು, ಪಕ್ಕದಲ್ಲಿ ಟೈಲರಣ್ಣ, ಪಹರೆಯಂತೆ ಹೆಂಡತಿ, ಹಿಂದೆ ಬೀದಿಗೆ ಬೀದಿ. ಗುಮಾಸ್ತರ ಎಡಗೆನ್ನೆ ಇನ್ನೂ ಹಾಗೇ ಇತ್ತು. ಬಲಗಡೆ ನಿಂತವರಿಗೆ ಮಾತ್ರ ನಮಸ್ಕಾರ ಮಾಡುತ್ತಿದ್ದರು.

ಟೈಲರಣ್ಣ ಜೇಬಿನಿಂದ ಲಕೋಟೆ ತೆಗೆದ. ವಿಳಾಸ ಇತ್ತು, ಸ್ಟಾಂಪೂ ಇತ್ತು, ಲಕೋಟೆಯ ಬಾಯಿ ಮಾತ್ರ ಅಂಟಿಸಿರಲಿಲ್ಲ. ಏಳು ತಿಂಗಳ ಗೋಂದು ಒಣಗಿ ಹೋಗಿತ್ತು. ನಾಲಿಗೆಯಿಂದ ಒಂದು ಸಲ ಸವರಿದ, ಅಂಟಲಿಲ್ಲ. ಇನ್ನೊಂದು ಸಲ ಜೋರಾಗಿ ಸವರಿ ಬೆರಳಿನಿಂದ ಒತ್ತಿದ. ಬೆರಳು ತೆಗೆದಾಗ ಲಕೋಟೆಯ ಮೇಲೆ ಬಟಾಣಿಯಷ್ಟು ಕೆಂಪು ಗುರುತು.

ಈ ಸಲ ಅವನು ಉಗುಳು ಹಚ್ಚಿ ಒರೆಸಲು ಹೋಗಲಿಲ್ಲ. ಅಷ್ಟು ಬುದ್ಧಿ ಒಂದು ದಿನದಲ್ಲಿ ಬಂದಿತ್ತು.

“ಬಿಡಿ,” ಅಂದಳು ಹೆಂಡತಿ ಬಗ್ಗಿ ನೋಡಿ. “ಡಾಕ್ಟರಮ್ಮ ತೆರೆಯೋಕೆ ಮುಂಚೇನೇ ಅರ್ಧ ಓದ್ಕೋತಾಳೆ.”

ಡಬ್ಬ ಬಾಯಿ ಅಗಲಿಸಿ ನಿಂತಿತ್ತು. ಒಂದು ಹಲ್ಲೂ ಇಲ್ಲದ ಬಾಯಿ. ಆದರೂ ಎಷ್ಟು ಧೈರ್ಯವಾಗಿ ತೆರೆದುಕೊಂಡಿದೆ ಅನ್ನಿಸಿತು ಟೈಲರಣ್ಣನಿಗೆ. ಅವನ ಕೈ ಅದರ ತುಟಿಯವರೆಗೆ ಹೋಗಿ ನಿಂತಿತು. ಬೀದಿ ಕಾಯಿತು. ಹೆಡ್ಮಾಸ್ತರರು ಕರವಸ್ತ್ರವನ್ನು ಮಡಚಿ, ಇನ್ನು ಇದರ ಕೆಲಸವಿಲ್ಲ ಎಂಬಂತೆ, ಕೋಟಿನ ಎರಡನೆಯ ಒಳಜೇಬಿಗೆ ಹಾಕಿಕೊಂಡರು.

“ಹಾಕಪ್ಪಾ,” ಅಂದರು. “ನಾಳೆ ಅನ್ಬೇಡ. ಟಕ್.”

ಟೈಲರಣ್ಣ ಬೆರಳು ಬಿಟ್ಟ. ಕಾಗದ ಒಳಗೆ ಬಿದ್ದ ಸಣ್ಣ ಸದ್ದಿಗೆ, ಕೆಳಸಾಲಿನ ಮುಂದಿನ ಹಲ್ಲು ಯಾರೂ ಮುಟ್ಟದೆ ತಾನಾಗಿಯೇ ಒಮ್ಮೆ ಅಲುಗಿತು.